ನೂರು ಕೊಟ್ಟರೆ ಹದಿಮೂರು ವಾಪಸ್ಸಾ? ಚಿಕ್ಕಪ್ಪ, ಭಾವ ಮತ್ತು ಬಜೆಟ್ ಜಗಳ

ಪ್ರಶ್ನೆ: ಸರ್, ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ಈ ಸಲದ ಯುಗಾದಿ ಊಟ ನಮ್ಮ ಮನೆಯಲ್ಲಿ ಅರ್ಧಕ್ಕೇ ನಿಂತಿತು. ಚಿಕ್ಕಪ್ಪ ಮೋದಿಯವರ ಕಡೆ, ಅಕ್ಕನ ಗಂಡ ಸಿದ್ದರಾಮಯ್ಯನವರ ಕಡೆ. "ಕರ್ನಾಟಕ ನೂರು ರೂಪಾಯಿ ತೆರಿಗೆ ಕೊಟ್ಟರೆ ಕೇಂದ್ರ ಹದಿಮೂರು ರೂಪಾಯಿ ವಾಪಸ್ ಕೊಡುತ್ತೆ, ಇದು ಅನ್ಯಾಯ ಅಲ್ವಾ?" ಅಂತಾರೆ ಭಾವ. "ಗ್ಯಾರಂಟಿಗೆ ದುಡ್ಡೆಲ್ಲ ಸುರಿದು ಈಗ ದೆಹಲಿ ಕಡೆ ಕೈ ತೋರಿಸ್ತಾರೆ" ಅಂತಾರೆ ಚಿಕ್ಕಪ್ಪ. ಆವತ್ತಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ. ಯಾರು ಹೇಳೋದು ಸರಿ? ಬಜೆಟ್ಟನ್ನು ನಮ್ಮಂಥವರು ಹೇಗೆ ಓದಬೇಕು?

ಉತ್ತರ:

ನಿಮ್ಮ ಪತ್ರ ಓದಿ ಬೇಜಾರಾಯಿತು. ಹಬ್ಬದ ಎಲೆ ಮುಂದೆ ಕೂತವರು ಅರ್ಧದಲ್ಲೇ ಎದ್ದು ಹೋಗುವುದು ಸಣ್ಣ ವಿಷಯ ಅಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಸರ್ಕಾರದ ಹಣಕಾಸಿನ ಪಾಠ ಮಾಡಿದ್ದೇನೆ. ಆಗ ಬಜೆಟ್ ದಿನ ಸ್ಟಾಫ್ ರೂಮಿನಲ್ಲಿ ರೇಡಿಯೋ ಸುತ್ತ ಸೇರಿಕೊಂಡು "ಸೀಮೆಎಣ್ಣೆ ಏನಾಯ್ತು, ಸಿಮೆಂಟ್ ಏನಾಯ್ತು" ಎಂದು ಕೇಳುತ್ತಿದ್ದೆವು. ಮಾತಿಗೆ ಮಾತು ಬೆಳೆಯುತ್ತಿತ್ತು, ಆದರೆ ಟೀ ಮಾತ್ರ ಒಟ್ಟಿಗೇ ಕುಡಿಯುತ್ತಿದ್ದೆವು.

ನೇರವಾಗಿ ಹೇಳುತ್ತೇನೆ. ನಿಮ್ಮ ಭಾವನ ದೂರು ನಿಜ, ಅವರು ಹಿಡಿದಿರುವ ಅಂಕಿ ಮಾತ್ರ ಸರಿಯಾದದ್ದಲ್ಲ. ಚಿಕ್ಕಪ್ಪ ಕೇಳುವ ಪ್ರಶ್ನೆ ನ್ಯಾಯವಾದದ್ದು, ಆದರೆ ಅದು ಭಾವನ ದೂರಿಗೆ ಉತ್ತರ ಆಗುವುದಿಲ್ಲ. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ.

ಮೊದಲು ಆ ಹದಿಮೂರು ರೂಪಾಯಿ. ಕರ್ನಾಟಕದಿಂದ ಕೇಂದ್ರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ಕೋಟಿಗೂ ಜಾಸ್ತಿ ತೆರಿಗೆ ಹೋಗುತ್ತದೆ, ತೆರಿಗೆ ಪಾಲು ಮತ್ತು ಯೋಜನೆಗಳ ಅನುದಾನ ಸೇರಿ ಬರುವುದು ಐವತ್ತು ಸಾವಿರ ಕೋಟಿಯ ಆಸುಪಾಸು ಎಂದು 2024ರಲ್ಲಿ ರಾಜ್ಯ ಸರ್ಕಾರ ಹೇಳಿತು. 2024ರ ಫೆಬ್ರವರಿ 7ರಂದು ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಮತ್ತು ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ಇದೇ ಲೆಕ್ಕ ಹಿಡಿದು. "ನನ್ನ ತೆರಿಗೆ ನನ್ನ ಹಕ್ಕು" ಎಂಬ ಮಾತು ಎಲ್ಲರ ಫೋನಿಗೂ ಬಂದದ್ದು ಆಗಲೇ. ಮರುದಿನ ಕೇರಳದ ಪಿಣರಾಯಿ ವಿಜಯನ್ ಕೂಡ ಅಲ್ಲೇ ಬಂದು ಕೂತರು.

ಈ ಲೆಕ್ಕದಲ್ಲಿ ಎರಡು ತೊಂದರೆ ಇವೆ. ಒಂದು, ತೆರಿಗೆ ಎಲ್ಲಿ ಕಟ್ಟಿದರು ಎನ್ನುವುದೂ ಆ ದುಡ್ಡು ಎಲ್ಲಿ ಹುಟ್ಟಿತು ಎನ್ನುವುದೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪನಿ ಇಡೀ ದೇಶದಲ್ಲಿ ಮಾಡಿದ ಲಾಭಕ್ಕೆ ತೆರಿಗೆಯನ್ನು ಇಲ್ಲಿಯೇ ಕಟ್ಟುತ್ತದೆ. ಹಾಗೆಯೇ ನಮ್ಮ ಊರಿನಲ್ಲಿ ಸೋಪು, ಬೈಕು ಮಾರಿ ಲಾಭ ಮಾಡಿದ ಎಷ್ಟೋ ಕಂಪನಿಗಳ ತೆರಿಗೆ ಮುಂಬೈ ಲೆಕ್ಕಕ್ಕೆ ಹೋಗುತ್ತದೆ. ಇನ್ನೊಂದು, ಕೇಂದ್ರ ರಾಜ್ಯದ ಖಜಾನೆಗೆ ಕೊಡದೆ ತಾನೇ ಮಾಡುವ ಖರ್ಚು ಇದರಲ್ಲಿ ಸೇರಿಲ್ಲ. ರೈಲ್ವೆ, ರಾಷ್ಟ್ರೀಯ ಹೆದ್ದಾರಿ, ಗೊಬ್ಬರದ ಸಬ್ಸಿಡಿ, ಗಡಿಯಲ್ಲಿರುವ ಸೈನ್ಯ, ಹಳೇ ಸಾಲದ ಬಡ್ಡಿ, ಇವೆಲ್ಲ ಅಲ್ಲಿಂದಲೇ ಹೋಗುತ್ತವೆ. 2025-26ರ ಬಜೆಟ್ಟಿನಲ್ಲಿ ಕೇಂದ್ರ ಬಡ್ಡಿಗೇ ಇಟ್ಟಿರುವುದು 12.76 ಲಕ್ಷ ಕೋಟಿ. ಒಟ್ಟು ಬಜೆಟ್ 50.65 ಲಕ್ಷ ಕೋಟಿ. ಅಂದರೆ ಕಾಲು ಭಾಗ ಬಡ್ಡಿಗೇ ಹೋಯಿತು. ಅದರಲ್ಲಿ ಕರ್ನಾಟಕದ ಪಾಲು ಎಷ್ಟು ಎಂದು ಬರೆಯಲು ಆಗುವುದಿಲ್ಲ.

ಹಾಗಾದರೆ ಕರ್ನಾಟಕಕ್ಕೆ ಅನ್ಯಾಯ ಆಗಿಲ್ಲವಾ? ಆಗಿದೆ. ಆದರೆ ಅದನ್ನು ತೋರಿಸುವ ಅಂಕಿ ಬೇರೆ.

ಸಂವಿಧಾನದ 280ನೇ ವಿಧಿ ಪ್ರಕಾರ ಐದು ವರ್ಷಕ್ಕೊಮ್ಮೆ ರಾಷ್ಟ್ರಪತಿ ಹಣಕಾಸು ಆಯೋಗ ನೇಮಿಸುತ್ತಾರೆ. ಆ ಆಯೋಗ ಎರಡು ವಿಷಯ ಹೇಳುತ್ತದೆ. ಕೇಂದ್ರ ಹಂಚಬೇಕಾದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಎಷ್ಟು, ಆಮೇಲೆ ಅದರಲ್ಲಿ ಯಾವ ರಾಜ್ಯಕ್ಕೆ ಎಷ್ಟು. ವೈ.ವಿ. ರೆಡ್ಡಿ ಅಧ್ಯಕ್ಷತೆಯ 14ನೇ ಆಯೋಗ ರಾಜ್ಯಗಳಿಗೆ ಶೇ. 42 ಕೊಡಿ ಎಂದಿತು. ಅದರಲ್ಲಿ ಕರ್ನಾಟಕದ ಪಾಲು ಶೇ. 4.713. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಆಯೋಗ ಶೇ. 41 ಎಂದಿತು. ಜಮ್ಮು-ಕಾಶ್ಮೀರ ಕೇಂದ್ರಾಡಳಿತ ಪ್ರದೇಶ ಆಗಿದ್ದಕ್ಕೆ ಆ ಒಂದು ಕಡಿತ. ಆದರೆ ಕರ್ನಾಟಕದ ಪಾಲು ಶೇ. 3.647ಕ್ಕೆ ಇಳಿಯಿತು. ಕೇಳಲು ಒಂದು ಚಿಲ್ಲರೆ ಅನ್ನಿಸುತ್ತದೆ. 2025-26ರ ಬಜೆಟ್ಟಿನಲ್ಲಿ ರಾಜ್ಯಗಳಿಗೆ ಹಂಚಲು ಇಟ್ಟ ಒಟ್ಟು ಹಣ 14.22 ಲಕ್ಷ ಕೋಟಿ. ಅದರಲ್ಲಿ ನಮಗೆ ಸುಮಾರು 51,876 ಕೋಟಿ. ಹಳೇ ಪಾಲೇ ಇದ್ದಿದ್ದರೆ ಇನ್ನೂ ಸುಮಾರು 15 ಸಾವಿರ ಕೋಟಿ ಬರುತ್ತಿತ್ತು. ಅದೂ ಒಂದೇ ವರ್ಷಕ್ಕೆ! ಭಾವನಿಗೆ ಹೇಳಿ, ಹದಿಮೂರು ರೂಪಾಯಿ ಬಿಟ್ಟು ಈ ಅಂಕಿ ಹಿಡಿಯಲಿ. ಇದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ.

ಇಳಿದದ್ದು ಯಾಕೆ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಹಂಚುವಾಗ 15ನೇ ಆಯೋಗ ನೂರಕ್ಕೆ 45 ಅಂಕ ಇಟ್ಟದ್ದು ಆದಾಯದ ಅಂತರಕ್ಕೆ. ತಲಾ ಆದಾಯದಲ್ಲಿ ನೀವು ಮೇಲಿನ ರಾಜ್ಯದಿಂದ ಎಷ್ಟು ದೂರ ಇದ್ದೀರೋ ಅಷ್ಟು ಜಾಸ್ತಿ ದುಡ್ಡು. ಗೋವಾ, ಸಿಕ್ಕಿಂ ತೀರಾ ಚಿಕ್ಕವು ಎಂದು ಬಿಟ್ಟು ಹರಿಯಾಣವನ್ನು ಅಳತೆಗೋಲು ಮಾಡಿಕೊಂಡರು. ಕರ್ನಾಟಕ ಅಷ್ಟರಲ್ಲಿ ಹರಿಯಾಣದ ಹತ್ತಿರ ಹೋಗಿಬಿಟ್ಟಿತ್ತು. ಬಿಹಾರ ಬಹಳ ಹಿಂದೆ ಇತ್ತು. ಬಿಹಾರಕ್ಕೆ ಶೇ. 10.058, ಉತ್ತರ ಪ್ರದೇಶಕ್ಕೆ ಶೇ. 17.939 ಬಂದದ್ದು ಹೀಗೆ. ಜೊತೆಗೆ ಹಿಂದಿನ ಆಯೋಗ 1971ರ ಜನಸಂಖ್ಯೆಗೂ ಬೆಲೆ ಕೊಟ್ಟಿತ್ತು, ಇದು 2011ರ ಜನಗಣತಿಯನ್ನೇ ತೆಗೆದುಕೊಂಡಿತು. "ಇಬ್ಬರೇ ಸಾಕು" ಎಂಬ ಮಾತು ಕೇಳಿದ ತಾಯಂದಿರ ರಾಜ್ಯಗಳಿಗೆ ಇದರಿಂದ ಹೊಡೆತ ಬಿತ್ತು. ಅದನ್ನು ಸರಿಮಾಡಲು ಜನಸಂಖ್ಯೆ ಹತೋಟಿಗೆ 12.5 ಅಂಕ ಇಟ್ಟರು. ನಮಗೆ ಅದು ಸಾಲಲಿಲ್ಲ.

ಈಗ ನನ್ನ ಮನಸ್ಸಿನ ಮಾತು. ಬಡ ರಾಜ್ಯಕ್ಕೆ ಜಾಸ್ತಿ ಕೊಡುವುದು ತಪ್ಪು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಬಿಹಾರದ ಮಗುವಿಗೂ ಶಾಲೆ ಬೇಕು. ನಮ್ಮ ನಿಜವಾದ ಕಷ್ಟ ಬೇರೆ ಕಡೆ ಇದೆ. ಕರ್ನಾಟಕದ ತಲಾ ಆದಾಯ ಅಂದರೆ ಅರ್ಧ ಬೆಂಗಳೂರಿನ ಕಥೆ. ಬೆಂಗಳೂರು ನಗರ ಜಿಲ್ಲೆಯವರ ತಲಾ ಆದಾಯ ಕಲಬುರಗಿ ಜಿಲ್ಲೆಯವರದ್ದಕ್ಕಿಂತ ಹಲವು ಪಟ್ಟು ಜಾಸ್ತಿ. ಆಯೋಗದ ಲೆಕ್ಕದಲ್ಲಿ ಇಬ್ಬರೂ ಸೇರಿ ಒಬ್ಬ ಶ್ರೀಮಂತ ಕನ್ನಡಿಗ. ಬೆಂಗಳೂರಿಗೆ ಗುಳೆ ಬಂದು ಕಟ್ಟಡ ಕಟ್ಟುವ ಯಾದಗಿರಿಯ ಕೂಲಿಯವನೂ ಆ ಲೆಕ್ಕದಲ್ಲಿ ಶ್ರೀಮಂತನೇ. ಇದನ್ನು ಅಂಕಿ ಸಮೇತ ಆಯೋಗದ ಮುಂದೆ ಕೂತು ವಾದಿಸಬೇಕು. ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗ 2025ರ ನವೆಂಬರಿನಲ್ಲಿ ವರದಿ ಕೊಟ್ಟಿತು. 2026ರ ಏಪ್ರಿಲ್‌ನಿಂದ ಐದು ವರ್ಷ ಅದರ ಹಂಚಿಕೆ ನಡೆಯಬೇಕು. 2024ರ ಆಗಸ್ಟಿನಲ್ಲಿ ಅದು ಬೆಂಗಳೂರಿಗೂ ಬಂದು ಕೇಳಿಕೊಂಡು ಹೋಗಿತ್ತು.

ಒಂದು ವಿಷಯ ಮಾತ್ರ ಚಿಕ್ಕಪ್ಪ ಒಪ್ಪಿಕೊಳ್ಳಲೇಬೇಕು. 15ನೇ ಆಯೋಗ ತನ್ನ ಮೊದಲ ವರದಿಯಲ್ಲಿ, ಪಾಲು ದಿಢೀರ್ ಇಳಿದ ಮೂರು ರಾಜ್ಯಗಳಿಗೆ 2020-21ಕ್ಕೆ ವಿಶೇಷ ಅನುದಾನ ಕೊಡಿ ಎಂದಿತ್ತು. ಕರ್ನಾಟಕಕ್ಕೆ 5,495 ಕೋಟಿ. ಕೇಂದ್ರ ಅದನ್ನು ಒಪ್ಪಲಿಲ್ಲ, ಮತ್ತೆ ಯೋಚಿಸಿ ಎಂದು ಆಯೋಗಕ್ಕೆ ಹೇಳಿತು. ಕೊನೆಯ ವರದಿಯಲ್ಲಿ ಆ ಶಿಫಾರಸು ಇಲ್ಲ ಎನ್ನುವುದು ನಿರ್ಮಲಾ ಸೀತಾರಾಮನ್ ಅವರ ಉತ್ತರ. ಆ ಮಾತು ತಾಂತ್ರಿಕವಾಗಿ ಸರಿ ಇರಬಹುದು. ಆದರೆ ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಆರಿಸಿ ಹೋದವರು. ಆಗ ರಾಜ್ಯದಲ್ಲಿ ಇದ್ದದ್ದೂ ಅವರದೇ ಪಕ್ಷದ ಸರ್ಕಾರ, ಯಡಿಯೂರಪ್ಪ ಮುಖ್ಯಮಂತ್ರಿ. ರಾಜ್ಯದಿಂದ ದೆಹಲಿಗೆ ಹೋದ ಪಕ್ಷದ 25 ಸಂಸದರು ಒಟ್ಟಿಗೆ ನಿಂತು ಗಟ್ಟಿಯಾಗಿ ಕೇಳಿದ್ದರೆ ಆ ಹಣ ಬರುತ್ತಿತ್ತು ಎಂದೇ ನಾನು ನಂಬುತ್ತೇನೆ. ನಾಯಕರ ಮೇಲಿನ ಅಭಿಮಾನ ರಾಜ್ಯಕ್ಕೆ ಎಷ್ಟು ದುಬಾರಿ ಆಗಬಹುದು ಎನ್ನಲು ನನಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈಗ ಸೆಸ್ಸಿನ, ಅಂದರೆ ಒಂದು ಉದ್ದೇಶ ಹೇಳಿ ಹಾಕುವ ಹೆಚ್ಚುವರಿ ತೆರಿಗೆಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇಡೀ ಜಗಳದ ತಿರುಳು ಇದು. ಹಬ್ಬದ ಊಟದಲ್ಲಿ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ.

ಕೇಂದ್ರ ಶೇ. 41 ಹಂಚಬೇಕು ಅಂದೆ. ಯಾವುದರ ಶೇ. 41? ಎಲ್ಲ ತೆರಿಗೆಯದ್ದಲ್ಲ. ಸೆಸ್ ಮತ್ತು ಸರ್‌ಚಾರ್ಜ್ (ತೆರಿಗೆ ಮೇಲಿನ ತೆರಿಗೆ) ಎಂದು ಹೆಸರಿಟ್ಟು ತೆಗೆದುಕೊಂಡ ಹಣವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ. 2025-26ರ ಅಂಕಿ ನೋಡಿ. ಕೇಂದ್ರದ ಒಟ್ಟು ತೆರಿಗೆ 42.70 ಲಕ್ಷ ಕೋಟಿ. ರಾಜ್ಯಗಳಿಗೆ 14.22 ಲಕ್ಷ ಕೋಟಿ. ಭಾಗಿಸಿದರೆ ಶೇ. 33 ಚಿಲ್ಲರೆ. ಕಾಗದದ ಮೇಲೆ 41, ಕೈಗೆ 33. ಜಿಎಸ್‌ಟಿ ಪರಿಹಾರ ಸೆಸ್ ಅನ್ನು ಇದರಲ್ಲಿ ಬೇರೆಯಾಗಿ ನೋಡಬೇಕು. ಕೋವಿಡ್ ವರ್ಷಗಳಲ್ಲಿ ರಾಜ್ಯಗಳಿಗಾಗಿ ಮಾಡಿದ ಸಾಲ ತೀರಿಸಲು ಅದು ಹೋಗುತ್ತಿತ್ತು. ಅದನ್ನು ಬಿಟ್ಟರೂ ಅಂತರ ದೊಡ್ಡದೇ.

ಪೆಟ್ರೋಲ್ ಬಂಕಿನ ಲೆಕ್ಕ ಹೇಳಿದರೆ ಬೇಗ ಅರ್ಥ ಆಗುತ್ತದೆ. 2022ರ ಮೇ ತಿಂಗಳಲ್ಲಿ ಸುಂಕ ಇಳಿಸಿದ ಮೇಲೆ ಕೇಂದ್ರ ಒಂದು ಲೀಟರ್ ಪೆಟ್ರೋಲಿಗೆ 19 ರೂಪಾಯಿ 90 ಪೈಸೆ ತೆಗೆದುಕೊಳ್ಳುತ್ತಿತ್ತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಎಷ್ಟು ಗೊತ್ತಾ? ಒಂದು ರೂಪಾಯಿ 40 ಪೈಸೆ. ಉಳಿದದ್ದೆಲ್ಲ ಸೆಸ್ ಮತ್ತು ವಿಶೇಷ ಸುಂಕ. ಚಿಕ್ಕಪ್ಪ ಬೈಕಿಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಈ ಲೆಕ್ಕ ನೆನಪಿಸಿಕೊಳ್ಳಲಿ.

ಭಾವ ಇಲ್ಲಿಗೆ ಚಪ್ಪಾಳೆ ತಟ್ಟಬಹುದು. ಸ್ವಲ್ಪ ನಿಲ್ಲಲು ಹೇಳಿ. ಶೇ. 2ರ ಶಿಕ್ಷಣ ಸೆಸ್ ತಂದದ್ದು 2004ರಲ್ಲಿ ಚಿದಂಬರಂ, ಕಾಂಗ್ರೆಸ್ ಮುಂದಾಳತ್ವದ ಸರ್ಕಾರದಲ್ಲಿ. 2007ರಲ್ಲಿ ಅವರೇ ಇನ್ನೊಂದು ಶೇ. 1 ಸೇರಿಸಿದರು. ಬಿಜೆಪಿ ಬಂದ ಮೇಲೆ ಸ್ವಚ್ಛ ಭಾರತ ಸೆಸ್, ಕೃಷಿ ಕಲ್ಯಾಣ ಸೆಸ್ ಬಂದವು. 2018ರಲ್ಲಿ ಆರೋಗ್ಯ ಮತ್ತು ಶಿಕ್ಷಣ ಸೆಸ್ ಶೇ. 4 ಆಯಿತು. 2021ರಲ್ಲಿ ಕೃಷಿ ಮೂಲಸೌಕರ್ಯ ಸೆಸ್ ಬಂತು. ಕಳೆದ ದಶಕದ ಶುರುವಿನಲ್ಲಿ ಒಟ್ಟು ತೆರಿಗೆಯ ಹತ್ತನೇ ಒಂದು ಭಾಗದಷ್ಟಿದ್ದ ಸೆಸ್-ಸರ್‌ಚಾರ್ಜ್ 2020-21ರ ಹೊತ್ತಿಗೆ ಐದನೇ ಒಂದು ಭಾಗಕ್ಕೆ ಬಂತು. ಒಂದು ಪಕ್ಷ ಬಾಗಿಲು ತೆರೆದಿತ್ತು, ಇನ್ನೊಂದು ಪಕ್ಷ ಅದನ್ನು ಅಗಲ ಮಾಡಿತು. ಜಿಎಸ್‌ಟಿ ಕಥೆಯೂ ಹೀಗೆಯೇ. ಮನಮೋಹನ್ ಸಿಂಗ್ ಕಾಲದಲ್ಲಿ ಅದನ್ನು ಗಟ್ಟಿಯಾಗಿ ವಿರೋಧಿಸಿದ ರಾಜ್ಯ ಗುಜರಾತ್. ಅಲ್ಲಿ ಮುಖ್ಯಮಂತ್ರಿ ಆಗಿದ್ದವರು ಮೋದಿ. 2017ರ ಜುಲೈ 1ರಂದು ಅದನ್ನು ಜಾರಿಗೆ ತಂದದ್ದು ಪ್ರಧಾನಿ ಮೋದಿ, ವಿರೋಧಿಸಿದ್ದು ರಾಹುಲ್ ಗಾಂಧಿ. ಕುರ್ಚಿ ಬದಲಾದರೆ ಮಾತು ಬದಲಾಗುತ್ತದೆ. ಅದಕ್ಕೇ, ಯಾರು ಹೇಳಿದರು ಎನ್ನುವುದಕ್ಕಿಂತ ಅವರು ಆಗ ಯಾವ ಕುರ್ಚಿಯಲ್ಲಿದ್ದರು ಎಂದು ನೋಡಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಬಜೆಟ್ ಹೇಗೆ ಓದಬೇಕು ಎಂದು ಕೇಳಿದ್ದೀರಿ. ಭಾಷಣ ಕೇಳಬೇಡಿ ಎನ್ನುವುದಿಲ್ಲ, ಆದರೆ ಭಾಷಣಕ್ಕೇ ನಿಲ್ಲಬೇಡಿ. ಕೇಂದ್ರದ ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ "ಬಜೆಟ್ ಅಟ್ ಎ ಗ್ಲಾನ್ಸ್" ಎಂಬ ಚಿಕ್ಕ ಪುಸ್ತಕ ಪುಕ್ಕಟೆ ಸಿಗುತ್ತದೆ. ರೂಪಾಯಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಚಿತ್ರ ಅದರಲ್ಲಿದೆ. 2025-26ರಲ್ಲಿ ಬರುವ ರೂಪಾಯಿಯಲ್ಲಿ 24 ಪೈಸೆ ಸಾಲ. ಹೋಗುವ ರೂಪಾಯಿಯಲ್ಲಿ 22 ಪೈಸೆ ರಾಜ್ಯಗಳ ತೆರಿಗೆ ಪಾಲು, 20 ಪೈಸೆ ಬಡ್ಡಿ (ರಾಜ್ಯಗಳ ಪಾಲನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಮೇಲೆ ಹೇಳಿದ ಕಾಲು ಭಾಗ ಇಲ್ಲಿ 20 ಪೈಸೆ), 8 ಪೈಸೆ ರಕ್ಷಣೆ. ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ತೋರಿಸಿ, ಅವರಿಗೆ ನಿಮಿಷದಲ್ಲಿ ಅರ್ಥ ಆಗುತ್ತದೆ.

ಆಮೇಲೆ, ಯಾವುದೇ ಯೋಜನೆ ಮುಂದೆ ಇರುವ ಬೇರೆ ಬೇರೆ ಕಾಲಂಗಳನ್ನು ಒಟ್ಟಿಗೆ ನೋಡಿ. ಹಿಂದಿನ ವರ್ಷದ ನಿಜವಾದ ಖರ್ಚು, ಈ ವರ್ಷದ ಅಂದಾಜು, ಅದೇ ಅಂದಾಜಿನ ಪರಿಷ್ಕೃತ ರೂಪ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ಗೆ 2024-25ರಲ್ಲಿ 70,163 ಕೋಟಿ ಇಟ್ಟಿದ್ದರು. ಎಲ್ಲ ಪೇಪರಿನಲ್ಲೂ ಬಂತು. ವರ್ಷದ ಕೊನೆಗೆ ಪರಿಷ್ಕೃತ ಅಂದಾಜು 22,694 ಕೋಟಿ. ಮೂರರಲ್ಲಿ ಒಂದು ಭಾಗವೂ ಇಲ್ಲ. ಈ ಸುದ್ದಿಯನ್ನು ಎಷ್ಟು ಜನ ಓದಿದರು? ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಎಂದು 2023ರ ಫೆಬ್ರವರಿಯಲ್ಲಿ ಕೇಂದ್ರದ ಬಜೆಟ್ ಭಾಷಣದಲ್ಲೇ ಹೇಳಿದರು. ಮೂರು ತಿಂಗಳಿಗೆ ವಿಧಾನಸಭೆ ಚುನಾವಣೆ ಇತ್ತು. ಆ ಹಣ ಬರಲಿಲ್ಲ ಎಂಬ ದೂರನ್ನು ರಾಜ್ಯ ಸರ್ಕಾರ ಈಗಲೂ ಹೇಳುತ್ತಿದೆ. ಚಿತ್ರದುರ್ಗದ ರೈತರು ಆ ನೀರಿಗೆ ಕಾಯುತ್ತಿರುವುದು ನಿನ್ನೆ ಮೊನ್ನೆಯಿಂದ ಅಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಆಂಧ್ರದ ಅಮರಾವತಿಗೆ 15 ಸಾವಿರ ಕೋಟಿ, ಬಿಹಾರದ ರಸ್ತೆಗಳಿಗೆ 26 ಸಾವಿರ ಕೋಟಿ ಎಂದಾಗ ನಮ್ಮವರಿಗೆ ಹೊಟ್ಟೆ ಉರಿದದ್ದು ಸಹಜ. ಬಿಜೆಪಿಗೆ 240 ಸೀಟು ಬಂದಿತ್ತು, ಚಂದ್ರಬಾಬು ನಾಯ್ಡು ಮತ್ತು ನಿತೀಶ್ ಕುಮಾರ್ ಬೆಂಬಲ ಬೇಕಿತ್ತು. ಬಜೆಟ್ ಪುಸ್ತಕದಲ್ಲಿ ಸೀಟಿನ ಲೆಕ್ಕವೂ ಇರುತ್ತದೆ.

ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ರಾಜ್ಯದ 2025-26ರ ಬಜೆಟ್ 4,09,549 ಕೋಟಿ. ಸಿದ್ದರಾಮಯ್ಯ ಅವರಿಗೆ ಅದು 16ನೇ ಬಜೆಟ್. ಗ್ಯಾರಂಟಿಗಳಿಗೆ 51,034 ಕೋಟಿ. ಕೇಂದ್ರದಿಂದ ಬರುವ ತೆರಿಗೆ ಪಾಲು ಹೆಚ್ಚುಕಡಿಮೆ ಅಷ್ಟೇ. ರಾಜಸ್ವ ಕೊರತೆ 19,262 ಕೋಟಿ, ಅಂದರೆ ದಿನದ ಖರ್ಚಿಗೂ ಸಾಲ ಮಾಡುತ್ತಿದ್ದೇವೆ. ಇದು ಚಿಂತೆ ಮಾಡಬೇಕಾದ ವಿಷಯವೇ. ಆದರೆ ಗೃಹಲಕ್ಷ್ಮಿಯ ಎರಡು ಸಾವಿರವನ್ನು ದಂಡ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ದುಡ್ಡಿನಲ್ಲಿ ಮಗಳ ಫೀಸು ಕಟ್ಟಿದ ಹೆಂಗಸರನ್ನು ನಾನು ನೋಡಿದ್ದೇನೆ. 2022ರಲ್ಲಿ ಪುಕ್ಕಟೆ ಹಂಚುವುದನ್ನು "ರೇವಡಿ ಸಂಸ್ಕೃತಿ" ಎಂದು ಮೋದಿಯವರು ಟೀಕಿಸಿದ ಮೇಲೆ ಅವರ ಪಕ್ಷದ ಸರ್ಕಾರವೇ ಮಧ್ಯಪ್ರದೇಶದಲ್ಲಿ, ಆಮೇಲೆ ಅವರ ಪಕ್ಷವೂ ಸೇರಿದ್ದ ಮೈತ್ರಿ ಸರ್ಕಾರ ಮಹಾರಾಷ್ಟ್ರದಲ್ಲಿ ಹೆಂಗಸರ ಖಾತೆಗೆ ತಿಂಗಳ ಹಣ ಹಾಕಿತು. ಹಾಗಾಗಿ ಆ ವಾದ ಚಿಕ್ಕಪ್ಪನ ಕೈಯಲ್ಲಿ ನಿಲ್ಲುವುದಿಲ್ಲ. ಅವರು ಕೇಳಬೇಕಾದದ್ದು ಬೇರೆ ಇದೆ. ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆಗೆ (ಅವರಿಗೆಂದೇ ಬಜೆಟ್ಟಿನಲ್ಲಿ ತೆಗೆದಿಡುವ ಹಣಕ್ಕೆ) 2013ರಲ್ಲಿ ಕಾನೂನು ಮಾಡಿದ್ದು ಇದೇ ಸಿದ್ದರಾಮಯ್ಯ ಸರ್ಕಾರ. 2024-25ರಲ್ಲಿ ಅದೇ ಹಣದಲ್ಲಿ 14 ಸಾವಿರ ಕೋಟಿಗೂ ಜಾಸ್ತಿಯನ್ನು ಗ್ಯಾರಂಟಿ ಲೆಕ್ಕಕ್ಕೆ ತೋರಿಸಿದರು. ದಲಿತ ಹೆಂಗಸಿಗೂ ಗೃಹಲಕ್ಷ್ಮಿ ಸಿಗುತ್ತಲ್ಲ ಎನ್ನುವುದು ಸರ್ಕಾರದ ಸಮರ್ಥನೆ. ನನಗೆ ಅದು ಸಮಾಧಾನ ಕೊಡುವುದಿಲ್ಲ. ಎಲ್ಲರಿಗೂ ಕೊಡುವುದನ್ನು ಅವರಿಗೂ ಕೊಟ್ಟು, ಅವರದೇ ಹಣದಿಂದ ಅದನ್ನು ಕಳೆದರೆ ಅವರಿಗೆ ವಿಶೇಷವಾಗಿ ಸಿಕ್ಕಿದ್ದೇನು?

ಇನ್ನೊಂದು ಮಾತು, ಇದು ಭಾವನಿಗೆ. ದೆಹಲಿಯಲ್ಲಿ ನಾವು ಏನು ಕೇಳುತ್ತೇವೋ ಅದನ್ನೇ ರಾಯಚೂರು ಬೆಂಗಳೂರನ್ನು ಕೇಳುತ್ತಿದೆ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371-ಜೆ ವಿಧಿ ಬಂದು ಹತ್ತು ವರ್ಷ ದಾಟಿದೆ. ನೂರು ರೂಪಾಯಿ ಕೊಟ್ಟವನಿಗೇ ನೂರು ವಾಪಸ್ ಎನ್ನುವ ಲೆಕ್ಕ ಹಿಡಿದರೆ ಬೆಂಗಳೂರಿನ ತೆರಿಗೆ ರಾಯಚೂರಿನ ದೇವದುರ್ಗಕ್ಕೆ ಯಾಕೆ ಹೋಗಬೇಕು ಎಂದು ನಾಳೆ ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದಿದೆ. ಆಗ ಬಿಜೆಪಿ ಇತ್ತು, ಚುನಾವಣೆ ಮಾಡಲಿಲ್ಲ. ಆಮೇಲೆ ಕಾಂಗ್ರೆಸ್ ಬಂತು, 2025ರವರೆಗೂ ಮಾಡಲಿಲ್ಲ. ಹಣ ಕೇಳಲು ಕರ್ನಾಟಕಕ್ಕೆ ಜಂತರ್ ಮಂತರ್ ಇದೆ. ನಿಮ್ಮ ತಾಲ್ಲೂಕಿನ ಪರವಾಗಿ ಕೇಳಲು ವರ್ಷಗಟ್ಟಲೆ ಒಬ್ಬ ಪಂಚಾಯ್ತಿ ಸದಸ್ಯನೂ ಇರಲಿಲ್ಲ, ಅಧಿಕಾರಿ ಬರೆದದ್ದೇ ಲೆಕ್ಕ. ಇದು ನನ್ನನ್ನು ತೆರಿಗೆ ಪಾಲಿಗಿಂತ ಜಾಸ್ತಿ ಕಾಡುತ್ತದೆ.

ಗ್ರಾಮ ಪಂಚಾಯ್ತಿಯಲ್ಲಿ ಮಾತ್ರ 2025ರಲ್ಲೂ ಆರಿಸಿ ಬಂದವರಿದ್ದರು. ನಿಮ್ಮೂರಿನ ಚರಂಡಿ ಪಕ್ಕ, ಕುಡಿಯುವ ನೀರಿನ ಟ್ಯಾಂಕಿನ ಹತ್ತಿರ ಕಾಮಗಾರಿ ಬೋರ್ಡ್ ಇದೆಯಾ ನೋಡಿ. ಎಷ್ಟೋ ಬೋರ್ಡುಗಳಲ್ಲಿ "15ನೇ ಹಣಕಾಸು" ಎಂದು ಬರೆದಿರುತ್ತದೆ. ಯುಗಾದಿ ದಿನ ಜಗಳ ತಂದ ಅದೇ ಆಯೋಗದ ಹಣ ಅದು. ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಸಭೆ ನಡೆಯುತ್ತದೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಅಲ್ಲಿ ಜನರ ಮುಂದೆ ಇಡಬೇಕು, ಯಾರು ಬೇಕಾದರೂ ಕೇಳಬಹುದು. ಈ ಸಲ ಚಿಕ್ಕಪ್ಪನನ್ನೂ ಭಾವನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ಬೋರ್ಡಿನಲ್ಲಿರುವ ಅಂಕಿಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ. ಏನಾಯಿತು ಎಂದು ನನಗೂ ಒಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.